ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸಿಕ್ಕ ಮೇಡಂಗೆ

ಅರವತ್ತು ದಾಟಿದ ಮೇಲೆ ಕರಾಟೆ ಯಾಕ್ರೀ ಅಂತ ಎಲ್ಲರೂ ಕೇಳುತ್ತಾರೆ. ನೀವು ಕೇಳಲಿಲ್ಲ. ಮೊದಲ ಥ್ಯಾಂಕ್ಸ್ ಅದಕ್ಕೇ.

ಅವತ್ತು ಬೆಳಗ್ಗೆ ಒದೆತ ಅಭ್ಯಾಸ ಮಾಡುವಾಗ ಮೀನಖಂಡದಲ್ಲಿ ಟಪ್ ಅಂದಿತು. ಯಾರೋ ಕಲ್ಲು ಹೊಡೆದರು ಅಂತಲೇ ಹಿಂದೆ ತಿರುಗಿದೆ. ವಾಕಿಂಗ್ ಬಂದವರೆಲ್ಲ ಕಾಲು ತಿಕ್ಕೋಕೆ ಮುಂದಾದರು (ನಮ್ಮೂರಲ್ಲಿ ಎಲ್ಲರೂ ಅರ್ಧ ಡಾಕ್ಟರ್ ಅಲ್ವಾ?). ನೀವು ತಡೆದಿರಿ. "ಸ್ನಾಯು ಹರಿದಿರಬಹುದು, ತಿಕ್ಕಿದ್ರೆ ಒಳಗೆ ರಕ್ತ ಜಾಸ್ತಿ ಸೋರುತ್ತೆ" ಅಂದಿರಿ. ನಿಮ್ಮ ವೇಲನ್ನೇ ಬಿಗಿಯಾಗಿ ಸುತ್ತಿ, ಒಂದು ಬೆರಳು ತೂರುತ್ತಾ ನೋಡಿ, ಕಾಲನ್ನು ಬೆಂಚಿನ ಮೇಲೆ ಎತ್ತಿಟ್ಟಿರಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ಕಾಲು ಊದುತ್ತಾ ಹೋದರೆ ರಕ್ತ ಹೆಪ್ಪುಗಟ್ಟಿದೆಯಾ ಅಂತ ತೋರಿಸಿ ಎಂದಿರಿ. ಆಟೋ ಹತ್ತಿಸುವಾಗ ಹೇಳಿದ್ದೇ ಮುಖ್ಯ: "ಒಂಟಿಕಾಲಲ್ಲಿ ನೋವಿಲ್ಲದೆ ಹಿಮ್ಮಡಿ ಎತ್ತೋಕಾಗೋವರೆಗೆ ಜಿಗಿತ ಬೇಡ. ಕರಾಟೆ ಬಿಡಬೇಡಿ."

ಸ್ಕ್ಯಾನ್‌ನಲ್ಲಿ ನೀವಂದದ್ದೇ ಬಂತು. ಈ ವಯಸ್ಸಿಗೆ ಗಾಯ ನಿಧಾನವಾಗಿ ಮಾಗುತ್ತದೆ, ನಿಜ. ಈಗ ಗೋಡೆ ಹಿಡಿದು ಹಿಮ್ಮಡಿ ಎತ್ತುತ್ತೇನೆ. ಜೊತೆಗೆ ಶೊಟೊಕಾನ್ ಶೈಲಿಯ ಕರಾಟೆಯ ಹೇಯಾನ್ ಶೋದಾನ್ ಕಾತಾ, ಅಂದರೆ ಒಬ್ಬರೇ ಮಾಡುವ ಗೊತ್ತಾದ ಪಟ್ಟುಗಳ ಸರಣಿ. ಅದರಲ್ಲಿ ಒಂದೂ ಒದೆತ ಇಲ್ಲ, ಮೇಡಂ!