ಅರಣ್ಯ ಸಚಿವರಿಗೆ: ಅಕೇಶಿಯ ಕಡಿಯುವಾಗ ಬುಡದ ಗಿಡ ಉಳಿಸಿಕೊಡಿ

ಮಾನ್ಯ ಅರಣ್ಯ ಸಚಿವರಿಗೆ, ಉಡುಪಿ ಜಿಲ್ಲೆಯ ಹೆಬ್ರಿ ಕಡೆಯ ಅಡಿಕೆ ಕೃಷಿಕನ ನಮಸ್ಕಾರಗಳು.

ನಮ್ಮ ಮನೆಯ ಹಿಂದಿನ ಗುಡ್ಡದಲ್ಲೊಂದು ಅಕೇಶಿಯ ನೆಡುತೋಪು ಇತ್ತು. ಅದನ್ನು ಬೈಯುತ್ತಲೇ ಬೆಳೆದವನು ನಾನು. ಆಸ್ಟ್ರೇಲಿಯಾ ಕಡೆಯ ಮರ. ಅದರ ತರಗೆಲೆ ಹಟ್ಟಿಗೆ ಹಾಕಿದರೆ ಬೇಗ ಕರಗುವುದೂ ಇಲ್ಲ. ಆದರೆ ಹತ್ತು ಹನ್ನೆರಡು ವರ್ಷ ಯಾರೂ ಬುಡ ಸವರದೆ ಬಿಟ್ಟದ್ದರಿಂದ ಪಿಕಳಾರ, ಕುಟ್ರು ಹಕ್ಕಿಗಳು ಕೊಂಬೆಯಲ್ಲಿ ಕೂತು ಹಾಕಿದ ಹಿಕ್ಕೆಯಿಂದ ಕೇಪಳ, ನೇರಳೆ, ಉಪ್ಪಳಿಗೆ ಎದ್ದು ನಿಂತವು. ಆಮೇಲೆ ಭೀಮರಾಜ ಬಂತು. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಬಾಲದ ಎರಡು ತಂತಿ ತೂಗಿಸಿಕೊಂಡು ಬೇರೆ ಹಕ್ಕಿಗಳ ಕೂಗನ್ನೆಲ್ಲ ಒಂದೊಂದಾಗಿ ಕೂಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಕಡಿಯಲು ಬಂದವರು ಅಕೇಶಿಯದ ಜೊತೆಗೆ ತೊಡೆ ದಪ್ಪದ ನೇರಳೆಯನ್ನೂ ಉರುಳಿಸಿದರು. ಮಳೆ ಹಿಡಿದಾಗ ಅದೇ ಜಾಗದಲ್ಲಿ ಮತ್ತೆ ಅಕೇಶಿಯ ಸಸಿ.

ನೆಡುತೋಪು ಕಾಡಿನ ಲೆಕ್ಕಕ್ಕೆ ಬರಬಾರದು, ಸ್ವಾಮೀ. ಮಂಗಟ್ಟೆ ಹಕ್ಕಿಯನ್ನೇ ನೋಡಿ. ಮೊಟ್ಟೆಯಿಡಲು ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಗಂಡು ಸಣ್ಣ ಸೀಳಿನಿಂದ ಹಣ್ಣು ಉಣಿಸುತ್ತದೆ. ಎಳೆಯದರಲ್ಲೇ ಕಡಿಯುವ ಮರದಲ್ಲಿ ಅಂಥ ಪೊಟರೆ ಎಲ್ಲಿಂದ ಬರಬೇಕು? ಆದರೂ ಸೋಮೇಶ್ವರ ಅಭಯಾರಣ್ಯದ ಕಾಡಿಗೂ ನಮ್ಮ ತೋಟಗಳಿಗೂ ನಡುವೆ ಹಕ್ಕಿಗೆ ದಾಟುದಾರಿಯಾಗುವ ಶಕ್ತಿ ನೆಡುತೋಪಿಗಿದೆ. ಬುಡದಲ್ಲಿ ಕಾಡುಗಿಡ ಇದ್ದರೆ ಮಾತ್ರ.

ಉತ್ತರ ಕನ್ನಡದ ಅಡಿಕೆ ಸೀಮೆಯ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿನ ಕಾಡುಹಕ್ಕಿ ಜಾತಿಗಳಲ್ಲಿ ಶೇ 90ರಷ್ಟಕ್ಕೆ ಅಡಿಕೆ ಬೇಸಾಯದ ನೆಲವೂ ಆಸರೆಯಾಗಿದೆ ಎಂದಿತ್ತು. ತೋಟಕ್ಕೆ ಸೊಪ್ಪು, ತರಗೆಲೆ ಕೊಡಲು ಪಕ್ಕದಲ್ಲಿ ಕಾಡು ಉಳಿದದ್ದೇ ಇದರ ಗುಟ್ಟು. ನಮ್ಮಲ್ಲಿ ಆ ಕೆಲಸ ಮಾಡಿದ್ದು ಕುಮ್ಕಿ, ಅಂದರೆ ರೈತನ ವರ್ಗ (ಪಟ್ಟಾ) ಜಾಗಕ್ಕೆ ತಾಗಿದ, ಸೊಪ್ಪು ಸೌದೆ ತರಲು ಅವನಿಗೆ ಹಕ್ಕಿರುವ ಸರ್ಕಾರಿ ನೆಲ. ಅಲ್ಲಿಯೂ ಈಗ ರಬ್ಬರ್ ಏರುತ್ತಿದೆ. ಕುಮ್ಕಿಯ ಮರ ಉಳಿಸಿಕೊಂಡ ರೈತನಿಗೆ ಸರ್ಕಾರ ಏನಾದರೂ ಕೊಡುವಂತಾದರೆ ಮೊದಲು ಸಂತೋಷಪಡುವವ ನಾನೇ.

ಸದ್ಯಕ್ಕೆ ನನ್ನ ಬೇಡಿಕೆ ಇಷ್ಟೇ. ಅಕೇಶಿಯ ಕಡಿಯುವ ಗುತ್ತಿಗೆಯ ಷರತ್ತಿನಲ್ಲಿ ತಾನಾಗಿ ಹುಟ್ಟಿದ ಗಿಡ ಮುಟ್ಟಬಾರದೆಂದು ಬರೆಸಿ. ಒಣಗಿದ, ಪೊಳ್ಳಾದ ಹಳೆಯ ಮರ ನಿಂತಲ್ಲೇ ಇರಲಿ. ಖಾಲಿ ಬಿದ್ದಲ್ಲಿಗೆ ಗೋಳಿ, ಅತ್ತಿ, ರಂಪತ್ರೆ, ಹೆಬ್ಬಲಸಿನ ಸಸಿ ಕೊಡಿಸಿ. ನೆಡಲು ಊರವರು ನಾವು ಬರುತ್ತೇವೆ. ಬರುವ ಮಳೆಗಾಲದ ಗುಂಡಿ ತೋಡುವ ಮೊದಲು ಆದೇಶ ಹೊರಟರೆ, ನಮ್ಮ ಗುಡ್ಡದ ಆಚೆ ಮಗ್ಗುಲಿನಲ್ಲಿ ಇನ್ನೂ ಕಡಿಯದೆ ಉಳಿದಿರುವ ತೋಪಿಗಾದರೂ ಅದು ಸಿಕ್ಕೀತು.

ತಮ್ಮ ವಿಶ್ವಾಸಿ,
ಹೆಬ್ರಿ ಕಡೆಯ ಒಬ್ಬ ಕೃಷಿಕ