ಒಂದೇ ಪಾಸ್, ಎರಡು ದರ: ಕ್ಲೌಡ್ ಗೇಮಿಂಗ್ ಚಂದಾ ಬಗ್ಗೆ ದೂರು

ಇವರಿಂದ,
ಪಾಲುದಾರರು,
ಐದು ಸೀಟುಗಳ ಗೇಮಿಂಗ್ ಪಾರ್ಲರ್,
ತಿಲಕವಾಡಿ, ಬೆಳಗಾವಿ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಕ್ಲೌಡ್ ಗೇಮಿಂಗ್ ವಿಭಾಗ

ದಿನಾಂಕ: 12 ಜನವರಿ 2026

ವಿಷಯ: ಮೂರು ತಿಂಗಳ ಪಾಸ್‌ಗೆ ಆ್ಯಪ್‌ನಲ್ಲಿ ಹೆಚ್ಚು ದರ ಪಡೆದದ್ದು ಮತ್ತು ಡಿಸೆಂಬರ್ ಅಪ್‌ಡೇಟ್ ನಂತರ ಬ್ರೌಸರ್‌ನಲ್ಲಿ 1080ಪಿ ಸೇವೆ ಕೆಟ್ಟದ್ದರ ಕುರಿತು.

ಮಾನ್ಯರೇ,

ಆಟ ನಿಮ್ಮ ಸರ್ವರಿನಲ್ಲಿ ಓಡಿ ವಿಡಿಯೊ ಆಗಿ ನಮ್ಮ ಪರದೆಗೆ ಬರುವ ಕ್ಲೌಡ್ ಗೇಮಿಂಗ್ ಸೇವೆಯ ನಿಮ್ಮ ಮೂರು ತಿಂಗಳ ಪಾಸ್ ನಮ್ಮ ಐದೂ ಸೀಟುಗಳಿಗೆ ನವೆಂಬರ್ 28ರಂದು ನವೀಕರಣವಾಗಿದೆ. ಸೀಟಿಗೆ ₹1,899ರಂತೆ ಒಟ್ಟು ₹9,495 ಕಟ್ಟಿದ್ದೇವೆ. ಅದೇ ದಿನ ಅದೇ ಪಾಸ್‌ಗೆ ನಿಮ್ಮ ವೆಬ್‌ಸೈಟಿನಲ್ಲಿದ್ದ ದರ ₹1,499. ಎರಡೂ ಕಡೆ ಗೇಮ್‌ಗಳ ಪಟ್ಟಿ ಒಂದೇ, ದಿನದ ಗಂಟೆಗಳ ಮಿತಿ ಒಂದೇ, ಸೇವ್ ಫೈಲ್‌ಗಳಿರುವ ಖಾತೆಯೂ ಒಂದೇ. ಸೀಟಿಗೆ ₹400ರಂತೆ ಹೆಚ್ಚಾದ ₹2,000 ಯಾವ ಬಾಬ್ತಿಗೆ ಎಂದು ಎರಡು ಸಲ ಟಿಕೆಟ್ ಹಾಕಿ ಕೇಳಿದೆವು. ಬಂದ ಎರಡು ಉತ್ತರಗಳೂ ಲೆಕ್ಕಕ್ಕೆ ಕೂಡುವುದಿಲ್ಲ.

"ಆ್ಯಪ್‌ನಲ್ಲಿ ಕೊಳ್ಳುವುದನ್ನು ಗ್ರಾಹಕರೇ ಆಯ್ದುಕೊಂಡಿದ್ದಾರೆ" ಎಂಬುದು ಮೊದಲನೆಯದು. ಆಯ್ದುಕೊಂಡದ್ದಲ್ಲ, ನಿಮ್ಮ ಲಿಂಕ್ ಅಲ್ಲಿಗೆ ಒಯ್ದದ್ದು. ಪಾಸ್ ಮುಗಿಯುವ ಮೂರು ದಿನ ಮೊದಲು ನೀವು ಕಳಿಸುವ ಎಸ್‌ಎಂಎಸ್‌ನಲ್ಲಿ ಇರುವುದು ವೆಬ್‌ಸೈಟಿನ ವಿಳಾಸ. ಆದರೆ ಫೋನಿನಲ್ಲಿ ನಿಮ್ಮ ಆ್ಯಪ್ ಇದ್ದರೆ, ಆ ಡೊಮೇನ್ ನಿಮ್ಮದೇ ಎಂದು ಆಂಡ್ರಾಯ್ಡ್‌ಗೆ ನೀವು ದೃಢಪಡಿಸಿ ಇಟ್ಟಿರುವುದರಿಂದ, ಲಿಂಕ್ ಒತ್ತಿದ ಕೂಡಲೇ ಬ್ರೌಸರ್ ಬದಲು ಆ್ಯಪ್ ತೆರೆದುಕೊಳ್ಳುತ್ತದೆ, ಯಾವುದರಲ್ಲಿ ತೆರೆಯಲಿ ಎಂದು ಕೇಳುವುದೂ ಇಲ್ಲ. ಒಳಗೆ ಕಾಣುವ ದರ ₹1,899 ಒಂದೇ. ₹1,499 ಕಾಣಬೇಕಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ನಿಮ್ಮ ಆ್ಯಪ್ ಹುಡುಕಿ, ಡೀಫಾಲ್ಟ್ ಆಗಿ ತೆರೆಯುವ ಸ್ವಿಚ್ ಆರಿಸಿ, ಆಮೇಲೆ ಅದೇ ಲಿಂಕನ್ನು ಮತ್ತೆ ಒತ್ತಬೇಕು. ಈ ಸೌಲಭ್ಯದ ಮೇಲೆ ನಮ್ಮ ತಕರಾರಿಲ್ಲ, ಬ್ಯಾಂಕಿನ ಆ್ಯಪ್‌ಗಳೂ ಹೀಗೇ ತೆರೆಯುತ್ತವೆ. ಆದರೆ ಬ್ಯಾಂಕಿನಲ್ಲಿ ಯಾವ ಕಡೆಯಿಂದ ಹೋದರೂ ಠೇವಣಿಯ ಬಡ್ಡಿ ಅಷ್ಟೇ ಇರುತ್ತದೆ.

ಎರಡನೆಯ ಉತ್ತರ, "ಸ್ಟೋರ್ 30% ಕಮಿಷನ್ ಹಿಡಿಯುತ್ತದೆ, ಅದಕ್ಕೇ ದರ ಹೆಚ್ಚು". ಇದನ್ನು ಬರೆದವರು ಹಳೆಯ ದರಪಟ್ಟಿ ಮುಂದಿಟ್ಟುಕೊಂಡಿದ್ದಾರೆ. ಗೂಗಲ್ ಪ್ಲೇ ತಾನಾಗಿ ನವೀಕರಣವಾಗುವ ಚಂದಾಗಳ ಶುಲ್ಕವನ್ನು 2022ರ ಜನವರಿ 1ರಿಂದಲೇ ಮೊದಲ ದಿನದಿಂದ 15%ಕ್ಕೆ ಇಳಿಸಿದೆ. ಮೊದಲ ವರ್ಷ 30%, ಆಮೇಲೆ 15% ಎಂಬುದು ಆ್ಯಪಲ್ ಸ್ಟೋರಿನ ಸಾಮಾನ್ಯ ಪದ್ಧತಿ. ನಮ್ಮದು ಐದೂ ಆಂಡ್ರಾಯ್ಡ್ ಮೂಲಕ ಆದ ಖರೀದಿ.

ಈಗ ನಿಮ್ಮ ಮಾತನ್ನೇ ಹಿಡಿದು ಲೆಕ್ಕ ಹಾಕೋಣ. ವೆಬ್‌ಸೈಟಿನಲ್ಲಿ ಯುಪಿಐನಿಂದ ₹1,499 ಕಟ್ಟಿದರೆ ಎಂಡಿಆರ್ (ವ್ಯಾಪಾರಿಯಿಂದ ಹಿಡಿಯುವ ಪಾವತಿ ಶುಲ್ಕ) ಶೂನ್ಯ, ಹಣ ಇಡಿಯಾಗಿ ನಿಮ್ಮ ಕೈ ಸೇರುತ್ತದೆ. ಅಷ್ಟೇ ಮೊತ್ತ ಸ್ಟೋರ್ ಮೂಲಕವೂ ಕೈಗೆ ಬರಬೇಕೆಂದರೆ 1,499ನ್ನು 0.85ರಿಂದ ಭಾಗಿಸಬೇಕು: ₹1,763.53. ನೀವು ಹಾಕಿದ್ದು ₹1,899. ಇದರಲ್ಲಿ 15% ಹೋದರೆ ಉಳಿಯುವುದು ₹1,614.15, ಅಂದರೆ ವೆಬ್‌ಸೈಟಿಗಿಂತ ಸೀಟಿಗೆ ₹115.15 ಹೆಚ್ಚು. ಇನ್ನು ನಿಜವಾಗಿಯೂ 30% ಹೋಗುವುದಾದರೆ ದರ ₹2,141.43 ಆಗಬೇಕಿತ್ತು. ₹1,899ಕ್ಕೆ ಮಾರಿ ₹1,329.30 ಮಾತ್ರ ಪಡೆಯುತ್ತಾ, ಪ್ರತಿ ಸೀಟಿಗೆ ₹169.70 ನಷ್ಟ ನುಂಗುತ್ತಿದ್ದೀರಿ ಎಂದಾಗುತ್ತದೆ. ಅಷ್ಟು ಧಾರಾಳ ನಂಬುವುದು ಕಷ್ಟ. ಜಿಎಸ್‌ಟಿ ಎರಡೂ ದರಗಳಲ್ಲಿ ಒಂದೇ 18%, ಆದ್ದರಿಂದ ಅದನ್ನು ನಡುವೆ ತಂದರೂ ಲೆಕ್ಕದ ದಿಕ್ಕು ಬದಲಾಗದು. ಕಮಿಷನ್ ಮೇಲೆ ಬೀಳುವ ಜಿಎಸ್‌ಟಿ ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ, ನೀವು ಕಟ್ಟುವ ತೆರಿಗೆಯಲ್ಲಿ ಕಳೆಯುತ್ತದೆ. ಎಪಿಎಂಸಿಯಲ್ಲಿ ಕೊಡುವ ಪಟ್ಟಿಯಲ್ಲಿ ಸಹ ಹಮಾಲಿ ಎಷ್ಟು, ತೂಕದ್ದು ಎಷ್ಟು ಎಂದು ಬೇರೆ ಬೇರೆ ಸಾಲು ಇರುತ್ತದೆ. ನಿಮ್ಮ ಇನ್‌ವಾಯ್ಸ್‌ನಲ್ಲಿರುವುದು ಒಂದೇ ಸಾಲು.

"ಕಡಿಮೆ ದರ ಬೇರೆಡೆ ಇದೆ ಎಂದು ಹೇಳಲು ಸ್ಟೋರ್ ನಿಯಮ ಬಿಡುವುದಿಲ್ಲ" ಎಂದೂ ಅದೇ ಉತ್ತರದ ಕೊನೆಯಲ್ಲಿ ಬರೆದಿದ್ದೀರಿ. ಈ ಜಗಳ ದೊಡ್ಡದು, ನಮಗೂ ಗೊತ್ತಿದೆ. ಪ್ಲೇ ಬಿಲ್ಲಿಂಗ್ (ಪ್ಲೇ ಸ್ಟೋರಿನದೇ ಪಾವತಿ ವ್ಯವಸ್ಥೆ) ವಿಚಾರದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 25ರಂದು ಗೂಗಲ್‌ಗೆ ₹936.44 ಕೋಟಿ ದಂಡ ಹಾಕಿತು. ಆ್ಯಪ್ ಮಾಡುವವರು ತಮ್ಮ ಗ್ರಾಹಕರ ಜೊತೆ ಮಾತಾಡುವುದನ್ನು ತಡೆಯಬಾರದು ಎಂಬುದೂ ಆ ಆದೇಶದಲ್ಲಿತ್ತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ₹216.69 ಕೋಟಿಗೆ ಇಳಿಸಿತು. ಅದು ಹೇಗಾದರೂ ಮುಗಿಯಲಿ. ಆ್ಯಪ್ ಒಳಗೆ ಬಾಯಿ ಕಟ್ಟಿದೆ ಎಂದೇ ಇಟ್ಟುಕೊಳ್ಳೋಣ. ವೆಬ್‌ಸೈಟ್ ಯಾರದ್ದು? ಎಸ್‌ಎಂಎಸ್ ಕಳಿಸುವವರು ಯಾರು? "ಇಲ್ಲಿ ₹1,499, ಆ್ಯಪ್‌ನಲ್ಲಿ ₹1,899" ಎಂದು ಅಲ್ಲಿ ಒಂದು ಸಾಲು ಹಾಕಲು ಯಾರ ಅಪ್ಪಣೆಯೂ ಬೇಡ.

ಹಣದ ಮಾತು ಇಷ್ಟು. ಅದಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಡಿಸೆಂಬರ್ ಮೊದಲ ವಾರದ ಅಪ್‌ಡೇಟ್.

ನಿಮ್ಮ ಪಾಸ್ ಪುಟದಲ್ಲಿ "ಬ್ರೌಸರ್ ಇರುವ ಯಾವ ಕಂಪ್ಯೂಟರಿನಲ್ಲೂ 1080ಪಿ, 60 ಫ್ರೇಮ್" ಎಂದು ಬರೆದಿದೆ. ನಮ್ಮ ಸೀಟುಗಳಲ್ಲಿ ಇರುವುದು ಕಚೇರಿಯೊಂದರಿಂದ ಹೊರಬಿದ್ದ ಐದು ಕಂಪ್ಯೂಟರ್‌ಗಳು: ಇಂಟೆಲ್ ಐ3-4130, 8 ಜಿಬಿ ರ‍್ಯಾಮ್, ವಿಂಡೋಸ್ 10. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ವಿಂಡೋಸ್ ಆ್ಯಪ್ ಅದೇ ನೆಪದಲ್ಲಿ ವಿಂಡೋಸ್ 11 ಕೇಳತೊಡಗಿತು. ಇಂಟೆಲ್‌ನಲ್ಲಿ ವಿಂಡೋಸ್ 11ರ ಪಟ್ಟಿ, ಬೆರಳೆಣಿಕೆಯ ಅಪವಾದ ಬಿಟ್ಟರೆ, ಶುರುವಾಗುವುದೇ 8ನೇ ತಲೆಮಾರಿನಿಂದ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. 4ನೇ ತಲೆಮಾರಿನ ಯಂತ್ರಕ್ಕೆ ಉಳಿಯುವುದು ಬ್ರೌಸರ್ ಮಾತ್ರ. ಅದರಲ್ಲಿ ನವೆಂಬರ್ ಪೂರ್ತಿ 1080ಪಿ ಸರಾಗವಾಗಿ ಓಡಿತು. ಕ್ಲೌಡ್ ಗೇಮಿಂಗ್‌ನ ಹುರುಳೇ ಇದು: ಭಾರದ ಕೆಲಸ ಮುಂಬೈಯ ಸರ್ವರಿಗೆ, ಇಲ್ಲಿನ ಯಂತ್ರಕ್ಕೆ ಕುಗ್ಗಿಸಿ ಕಳಿಸಿದ ವಿಡಿಯೊ ಬಿಚ್ಚಿ ತೋರಿಸುವ ಕೆಲಸ ಮಾತ್ರ.

ಆ ಬಿಚ್ಚುವ ಕೆಲಸವನ್ನೇ ನೀವು ಬದಲಿಸಿದಿರಿ. ಮೊದಲು 1080ಪಿ ಬರುತ್ತಿದ್ದದ್ದು ಎಚ್.264 ಎಂಬ ಹಳೆಯ ಕೋಡೆಕ್‌ನಲ್ಲಿ, ಅಂದರೆ ವಿಡಿಯೊ ಕುಗ್ಗಿಸುವ ವಿಧಾನದಲ್ಲಿ. ಈಗ 1080ಪಿ ಎಂದರೆ ಎವಿ1 ಎಂಬ ಹೊಸ ಕೋಡೆಕ್ ಮಾತ್ರ, ಎಚ್.264 ಬೇಕಾದರೆ 720ಪಿಗೆ ಇಳಿಯಬೇಕು. ಎಚ್.264 ಬಿಚ್ಚಲು ಐ3-4130ರ ಗ್ರಾಫಿಕ್ಸ್‌ನಲ್ಲೇ ಸರ್ಕ್ಯೂಟ್ ಇದೆ. ಎವಿ1ಗೆ ಇಂಟೆಲ್ ಅಂಥದ್ದನ್ನು ಕೊಟ್ಟದ್ದು 11ನೇ ತಲೆಮಾರಿನಿಂದ. ಹೀಗಾಗಿ ಇಡೀ ಕೆಲಸ ಸಿಪಿಯು ತಲೆಗೆ ಬರುತ್ತದೆ. ಅಲ್ಲೂ ಒಂದು ತೊಡಕಿದೆ. ವಿಳಂಬ ಉಳಿಸಲು ಬ್ರೌಸರ್ ಒಂದು ಫ್ರೇಮ್ ಮುಗಿಸಿಯೇ ಮುಂದಿನದಕ್ಕೆ ಕೈ ಹಾಕುತ್ತದೆ. ಸರ್ವರ್ ಪ್ರತಿ ಫ್ರೇಮನ್ನು ಟೈಲ್‌ಗಳಾಗಿ ಕತ್ತರಿಸಿ ಕಳಿಸದಿದ್ದರೆ ಸಿಪಿಯುನಲ್ಲಿ ಒಟ್ಟಿಗೆ ದುಡಿಯಬಲ್ಲ ನಾಲ್ಕು ಥ್ರೆಡ್ ಇದ್ದರೂ ಕೆಲಸ ಹಂಚಿಹೋಗುವುದಿಲ್ಲ. ಒಂದು ಥ್ರೆಡ್ ಬೆವರು ಸುರಿಸುತ್ತದೆ, ಉಳಿದವು ಕೈ ಕಟ್ಟಿ ಕೂರುತ್ತವೆ.

ನೀವೇ ನೋಡಬಹುದು. ಆಟ ಓಡುತ್ತಿರುವಾಗ ಕ್ರೋಮ್‌ನ ಇನ್ನೊಂದು ಟ್ಯಾಬ್‌ನಲ್ಲಿ ವೆಬ್‌ಆರ್‌ಟಿಸಿ-ಇಂಟರ್ನಲ್ಸ್ ಪುಟ ತೆರೆದು, ಒಳಬರುವ ವಿಡಿಯೊ ಸಾಲಿನಲ್ಲಿ ಡಿಕೋಡ್‌ಗೆ ಹಿಡಿದ ಒಟ್ಟು ಸಮಯವನ್ನು ಬಿಚ್ಚಿದ ಫ್ರೇಮ್‌ಗಳ ಸಂಖ್ಯೆಯಿಂದ ಭಾಗಿಸಿ. 3ನೇ ಸೀಟಿನಲ್ಲಿ 720ಪಿ ಎಚ್.264ಗೆ ಫ್ರೇಮಿಗೆ 4 ಮಿಲಿಸೆಕೆಂಡ್ ಬಂತು, 1080ಪಿ ಎವಿ1ಗೆ 21. ಸೆಕೆಂಡಿಗೆ 60 ಫ್ರೇಮ್ ತೋರಿಸಲು ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. 21 ಹಿಡಿದರೆ 47ರ ಮೇಲೆ ಏರುವ ಮಾತೇ ಇಲ್ಲ. ಹಿಂದೆ ಬಿದ್ದ ಫ್ರೇಮ್‌ಗಳು ಸರದಿಯಲ್ಲಿ ನಿಲ್ಲುತ್ತವೆ, ಆಮೇಲೆ ಬ್ರೌಸರ್ ಒಂದಿಷ್ಟನ್ನು ಎಸೆಯುತ್ತದೆ, ಚಿತ್ರ ತಟಕ್ಕನೆ ಹಾರುತ್ತದೆ. ಆಡುವ ಹುಡುಗರ ಭಾಷೆಯಲ್ಲಿ ಹೇಳುವುದಾದರೆ, "ಅಣ್ಣಾರ, ಬಟನ್ ಈಗ ಒತ್ತೀನ್ರಿ, ಅಂವ ಆಮ್ಯಾಲೆ ಜಿಗಿತಾನ."

ಇದಕ್ಕೆ ನಿಮ್ಮ ಬೆಂಬಲ ವಿಭಾಗದ ಉತ್ತರ ಒಂದೇ: "ನಿಮ್ಮ ನೆಟ್‌ವರ್ಕ್ ಪರೀಕ್ಷಿಸಿ, ರೂಟರ್ ರೀಸ್ಟಾರ್ಟ್ ಮಾಡಿ." ಮಾಡಿದ್ದೇವೆ. ಲೈನ್ 200 ಎಂಬಿಪಿಎಸ್ ಫೈಬರ್, ಸೀಟಿಗೆ 20ರಂತೆ ಐದೂ ಒಟ್ಟಿಗೆ ಓಡಿದರೂ 100 ದಾಟುವುದಿಲ್ಲ. ಎಲ್ಲ ಸೀಟಿಗೂ ಕೇಬಲ್ ಇದೆ, ವೈಫೈ ಇಲ್ಲ. ಕರೆಂಟ್ ಹೋದರೂ ರೂಟರ್ ಯುಪಿಎಸ್ ಮೇಲೆ ನಿಲ್ಲುತ್ತದೆ. ನಿಮ್ಮ ಆ್ಯಪ್ ತೋರಿಸುವ ಮುಂಬೈ ಸರ್ವರಿಗೆ 1,000 ಪ್ಯಾಕೆಟ್ ಕಳಿಸಿದಾಗ ಸರಾಸರಿ 19 ಮಿಲಿಸೆಕೆಂಡ್, ಕಳೆದುಹೋದದ್ದು 2. ಇದಕ್ಕೂ ನಂಬಿಕೆ ಬರದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್‌ನಂತೆ, ಕಂಟ್ರೋಲರ್ ಮೇಲಿನ ಹೆಬ್ಬೆರಳು ಮತ್ತು ಮಾನಿಟರ್ ಎರಡೂ ಕಾಣುವಂತೆ ಚಿತ್ರಿಸಿದೆವು. ಬಟನ್ ತಳ ಮುಟ್ಟಿದ ಫ್ರೇಮಿನಿಂದ ಪರದೆಯ ಮೇಲೆ ಕಾಲು ನೆಲ ಬಿಟ್ಟ ಫ್ರೇಮಿನವರೆಗೆ ಎಣಿಸಿದರೆ 720ಪಿ ಎಚ್.264ರಲ್ಲಿ 17 ಫ್ರೇಮ್, ಅಂದರೆ ಸುಮಾರು 71 ಮಿಲಿಸೆಕೆಂಡ್. 1080ಪಿ ಎವಿ1ರಲ್ಲಿ 31 ಫ್ರೇಮ್, ಸುಮಾರು 129. ಅದೇ ಸೀಟು, ಅದೇ ಕೇಬಲ್, ಅದೇ ಆಟ, ನಡುವೆ ಹತ್ತು ನಿಮಿಷದ ಅಂತರ. ಕೆಟ್ಟದ್ದು ಲೈನ್ ಆಗಿದ್ದರೆ ಎರಡೂ ಕೆಡಬೇಕಿತ್ತು.

ಎವಿ1 ಒಳ್ಳೆಯ ಕೋಡೆಕ್, ಅದರಿಂದ ನಿಮ್ಮ ಬ್ಯಾಂಡ್‌ವಿಡ್ತ್ ಖರ್ಚು ಇಳಿಯುತ್ತದೆ, ತರಬೇಡಿ ಎನ್ನುವುದಿಲ್ಲ. ಯಂತ್ರಕ್ಕೆ ಎವಿ1 ಡಿಕೋಡರ್ ಇದೆಯೇ ಎಂದು ಬ್ರೌಸರ್‌ನ ಮೀಡಿಯಾ ಕೇಪಬಿಲಿಟೀಸ್ ಮೂಲಕ ಕೇಳಿ, ಇಲ್ಲದಿದ್ದರೆ 1080ಪಿಯನ್ನು ಎಚ್.264ನಲ್ಲಿ ಕಳಿಸುವುದು ಕಷ್ಟದ ಕೆಲಸವಲ್ಲ, ನವೆಂಬರ್‌ವರೆಗೆ ಅದನ್ನೇ ಕಳಿಸುತ್ತಿದ್ದಿರಿ. ಐಫೋನಿನ ಆ್ಯಪ್ ಸ್ಟೋರ್ 2020ರಲ್ಲಿ ಕ್ಲೌಡ್ ಗೇಮಿಂಗ್ ಆ್ಯಪ್‌ಗಳನ್ನು ಒಳಗೆ ಬಿಡದಿದ್ದಾಗ, 2024ರ ಜನವರಿಯಲ್ಲಿ ನಿಯಮ ಸಡಿಲವಾಗುವವರೆಗೂ ಈ ಉದ್ಯಮ ಐಫೋನಿನಲ್ಲಿ ಉಸಿರಾಡಿದ್ದು ಬ್ರೌಸರ್‌ನಿಂದಲೇ. ಆ ದಾರಿಯನ್ನು ಈಗ ನೀವೇ ಇಕ್ಕಟ್ಟು ಮಾಡುತ್ತಿದ್ದೀರಿ.

ಮರುಪಾವತಿ ಕೇಳಿದಾಗ "ಸ್ಟೋರ್ ಕೇಳಿ" ಎಂದಿರಿ. ಸ್ಟೋರ್ ತಾನೇ ನೋಡುವುದು ಖರೀದಿಯಾದ 48 ಗಂಟೆಯೊಳಗಿನ ಕೋರಿಕೆಯನ್ನು, ಅದಾದ ಮೇಲೆ ಆ್ಯಪ್ ಮಾಡಿದವರ ಕಡೆ ಕಳಿಸುತ್ತದೆ. ನಮಗೆ ದರದ ವ್ಯತ್ಯಾಸ ಕಂಡದ್ದು ಐದನೇ ದಿನ, 1080ಪಿ ಕೆಟ್ಟದ್ದು ಅದರ ನಂತರ. ಆ್ಯಪ್ ಮಾಡಿದವರಿಗೆ ಗೂಗಲ್ ಕೊಡುವ ಪ್ಲೇ ಕನ್ಸೋಲ್‌ನ ಆರ್ಡರ್ ಮ್ಯಾನೇಜ್‌ಮೆಂಟ್‌ನಲ್ಲಿ ಜಿಪಿಎ ಎಂದು ಶುರುವಾಗುವ ಆರ್ಡರ್ ಸಂಖ್ಯೆ ಹಾಕಿದರೆ ಪೂರ್ತಿ ಅಥವಾ ಭಾಗಶಃ ಹಣ ಹಿಂದಿರುಗಿಸುವ ಅಧಿಕಾರ ನಿಮಗೇ ಇದೆ. ಐದೂ ಸಂಖ್ಯೆಗಳನ್ನು ಲಗತ್ತಿಸಿದ್ದೇವೆ.

ನಾವು ಕೇಳುತ್ತಿರುವುದು: ಸೀಟಿಗೆ ₹400ರಂತೆ ₹2,000 ವಾಪಸ್. ಅದು ಸಾಧ್ಯವಿಲ್ಲವೆಂದರೆ ಕಮಿಷನ್ ಸೇರಿಸಿದ ಮೇಲೂ ದರದಲ್ಲಿ ಹೆಚ್ಚಾದ ₹135.47ಕ್ಕೆ, ಅಂದರೆ ₹1,763.53ರ ಮೇಲಿನ ಮೊತ್ತಕ್ಕೆ, ಸೀಟುವಾರು ಲಿಖಿತ ವಿವರಣೆ. ಬ್ರೌಸರ್‌ನಲ್ಲಿ 1080ಪಿ ಎಚ್.264 ಮತ್ತೆ ಬರಬೇಕು, ಬರುವವರೆಗಿನ ದಿನಗಳನ್ನು ಪಾಸ್‌ಗೆ ಸೇರಿಸಬೇಕು. ಫೆಬ್ರವರಿ ಕೊನೆಯ ನವೀಕರಣಕ್ಕೆ ಮೊದಲು ಸೇವ್ ಫೈಲ್ ಕಳೆಯದಂತೆ ಐದೂ ಖಾತೆಗಳನ್ನು ವೆಬ್ ಬಿಲ್ಲಿಂಗ್‌ಗೆ ಬದಲಿಸಿಕೊಡಬೇಕು. ಇದು ಯಾಕೆ ತುರ್ತು ಎಂದರೆ, ಒಂದೊಂದು ಕಡಿತವೂ ಆಟೊಪೇಯ ₹15,000 ಮಿತಿಯೊಳಗೇ ಇರುವುದರಿಂದ ಒಟಿಪಿ ಕೇಳದೆ ಹಣ ಹೋಗುತ್ತದೆ.

ಇ-ಕಾಮರ್ಸ್ ನಿಯಮ 2020ರಂತೆ ದೂರು ತಲುಪಿದ್ದಕ್ಕೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. "ಪಾರ್ಲರ್ ಎಂದರೆ ವಾಣಿಜ್ಯ ಬಳಕೆ, ನೀವು ಗ್ರಾಹಕರೇ ಅಲ್ಲ" ಎಂಬ ಉತ್ತರ ಬರೆಯುವ ಮೊದಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(7)ರ ವಿವರಣೆ ಓದಿ. ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗೆಂದೇ ಕೊಂಡು ಬಳಸುವ ಸರಕನ್ನು ಅದು ವಾಣಿಜ್ಯ ಬಳಕೆ ಎನ್ನುವುದಿಲ್ಲ, ಸೇವೆಗೂ ಅದೇ ತತ್ವ ಸಲ್ಲಬೇಕು ಎಂಬುದು ನಮ್ಮ ವಾದ. ಈ ಪಾರ್ಲರಿಗೆ ಸಂಬಳದ ಆಳಿಲ್ಲ, ಇಬ್ಬರೂ ಪಾಲುದಾರರೇ ಪಾಳಿಯಲ್ಲಿ ಕೂರುತ್ತೇವೆ. ಫೆಬ್ರವರಿ 12ರೊಳಗೆ ಪರಿಹಾರ ಬಾರದಿದ್ದರೆ 1915 ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಇ-ಜಾಗೃತಿ ಪೋರ್ಟಲ್ ಮೂಲಕ ಬೆಳಗಾವಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ದೂರುದಾರರು ಇರುವ ಊರಿನಲ್ಲೇ ದೂರು ಕೊಡಲು ಕಾಯ್ದೆ ಬಿಟ್ಟಿದೆ, ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಪಾಲುದಾರರು

ಲಗತ್ತು: ಐದು ಆರ್ಡರ್ ರಸೀದಿಗಳು, ವೆಬ್‌ಸೈಟ್ ದರದ ಸ್ಕ್ರೀನ್‌ಶಾಟ್, ಎರಡು ಟಿಕೆಟ್‌ಗಳ ಉತ್ತರ, ಡಿಕೋಡ್ ಸಮಯದ ಸ್ಕ್ರೀನ್‌ಶಾಟ್, ಸ್ಲೋ ಮೋಷನ್ ವಿಡಿಯೊ ಎರಡು (3ನೇ ಸೀಟು).