ಸುಳ್ಳು ಪ್ರವಾದಿ ಹೊರಗಿನವನಾಗಿರಲಿಲ್ಲ

ಮಾನ್ಯ ಸಂಪಾದಕರೇ,

ಪ್ರಾಚೀನ ಹೀಬ್ರೂ ಧರ್ಮದ ಸುಳ್ಳು ಪ್ರವಾದಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ಸೂತ್ರವನ್ನು ಮುಂದಿಡುತ್ತಾರೆ: ನುಡಿದದ್ದು ನಡೆಯದಿದ್ದರೆ ಅವನು ಸುಳ್ಳು ಪ್ರವಾದಿ. ಬೈಬಲಿನ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಹಾಗೆ ಹೇಳುವುದು ನಿಜ. ಆದರೆ ಆ ಒಂದೇ ಅಳತೆಗೋಲು ಹಿಡಿದರೆ, ಯೆರೂಸಲೇಮಿನ ಜನ ಯಾಕೆ ಮೋಸಹೋದರು ಎಂಬುದೇ ತಿಳಿಯುವುದಿಲ್ಲ. ನುಡಿದದ್ದು ನಡೆಯಿತೋ ಇಲ್ಲವೋ ಎಂದು ಗೊತ್ತಾಗುವ ಹೊತ್ತಿಗೆ ಊರು ಸುಟ್ಟುಹೋಗಿರುತ್ತದೆ. ಅಪಾಯ ಇದ್ದದ್ದು ಅಲ್ಲೇ.

ಯೆರೆಮೀಯನ ಗ್ರಂಥದ 28ನೇ ಅಧ್ಯಾಯದಲ್ಲಿ ಬರುವ ಹನನ್ಯನ ಪ್ರಸಂಗವನ್ನೇ ನೋಡಿ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆಹೂದ ರಾಜ್ಯದ ರಾಜಧಾನಿ ಯೆರೂಸಲೇಮನ್ನು ಮಣಿಸಿ, ಅರಸ ಯೆಹೋಯಾಖೀನನನ್ನೂ ದೇವಾಲಯದ ಪಾತ್ರೆಗಳನ್ನೂ ಒಯ್ದಿದ್ದ. ಅವನು ಪಟ್ಟಕ್ಕೆ ಕೂರಿಸಿದ ಚಿದ್ಕೀಯನ ಆಳ್ವಿಕೆಯಲ್ಲಿ ಎದೋಮ್, ಮೋವಾಬ್, ಅಮ್ಮೋನ್, ತೂರ್, ಸೀದೋನ್‌ಗಳ ದೂತರು ಯೆರೂಸಲೇಮಿಗೆ ಬಂದರು. ಪ್ರವಾದಿ ಯೆರೆಮೀಯ ಕೊರಳಿಗೆ ನೊಗ ಹಾಕಿಕೊಂಡು, ಬಾಬಿಲೋನಿಗೆ ತಲೆಬಾಗಿ ಬದುಕಿಕೊಳ್ಳಿ ಎಂದು ಎಲ್ಲರಿಗೂ ಸಾರಿದ. ಚಿದ್ಕೀಯನ ನಾಲ್ಕನೇ ವರ್ಷದ ಐದನೇ ತಿಂಗಳಲ್ಲಿ, ಅಂದರೆ ಕ್ರಿ.ಪೂ. 594ರ ಸುಮಾರಿಗೆ, ಗಿಬ್ಯೋನ್ ಊರಿನ ಹನನ್ಯ ದೇವಾಲಯದಲ್ಲಿ ಯಾಜಕರ ಮುಂದೆಯೇ ಆ ನೊಗವನ್ನು ಕಿತ್ತು ಮುರಿದ. ಎರಡು ವರ್ಷದೊಳಗೆ ಪಾತ್ರೆಗಳೂ ಸೆರೆಯಾದವರೂ ಹಿಂದಿರುಗುತ್ತಾರೆ ಎಂದು ದೇವರ ಹೆಸರಿನಲ್ಲೇ ನುಡಿದ.

ಅವನು ಕಾನಾನ್ಯರ ದೇವರಾದ ಬಾಳನ ಪೂಜಾರಿಯಲ್ಲ, ಅನ್ಯದೇವರ ಹೆಸರು ಎತ್ತಿದವನಲ್ಲ. ಯೆರೆಮೀಯ ಬಳಸುತ್ತಿದ್ದ ಮಾತಿನ ಧಾಟಿಯನ್ನೇ ಅವನೂ ಬಳಸಿದ. ಆ ಅಧ್ಯಾಯ ಅವನನ್ನೂ ಪ್ರವಾದಿ ಎಂದೇ ಕರೆಯುತ್ತದೆ. ಅವನ ಮಾತಿಗೆ ಹಿಂದೆ ನಡೆದದ್ದರ ಬಲವೂ ಇತ್ತು. ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಯೆಹೂದದ 46 ಕೋಟೆಯ ಊರುಗಳನ್ನು ಹಿಡಿದೆನೆಂದು ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದರೂ ಯೆರೂಸಲೇಮನ್ನು ಹಿಡಿಯಲಾಗಲಿಲ್ಲ. ಅವನು ಈ ಪಟ್ಟಣದೊಳಕ್ಕೆ ಬರಲಾರನೆಂದು ಆಗ ಪ್ರವಾದಿ ಯೆಶಾಯ ಧೈರ್ಯ ಹೇಳಿದ್ದ. ನೂರು ವರ್ಷದ ಹಿಂದೆ ಸತ್ಯವಾಗಿದ್ದ ಭರವಸೆಯನ್ನು, ಕಾಲವೂ ಜನರ ನಡತೆಯೂ ಬದಲಾದ ಮೇಲೆ ಹನನ್ಯ ಮತ್ತೆ ಹಂಚಿದ. ನನ್ನ ಮಟ್ಟಿಗೆ ಸುಳ್ಳು ಪ್ರವಾದನೆಯ ಅತ್ಯಂತ ಅಪಾಯಕಾರಿ ರೂಪ ಇದು. ಕೇಳುವವರಿಗೆ ಅದು ತಮ್ಮ ಹಿರಿಯರ ನಂಬಿಕೆಯಂತೆಯೇ ಕೇಳಿಸುತ್ತದೆ.

ಯೆರೆಮೀಯನಿಗೂ ಆ ಕ್ಷಣದಲ್ಲಿ ತಕ್ಕ ಉತ್ತರ ಸಿಗಲಿಲ್ಲ. 'ಆಮೆನ್, ದೇವರು ಹಾಗೆಯೇ ಮಾಡಲಿ' ಎಂದ. ನಮಗಿಂತ ಹಿಂದಿನ ಪ್ರವಾದಿಗಳು ಯುದ್ಧ, ವಿಪತ್ತು, ವ್ಯಾಧಿಗಳನ್ನು ನುಡಿದರು, ಶಾಂತಿಯನ್ನು ನುಡಿಯುವವನ ಮಾತು ಮಾತ್ರ ನೆರವೇರಿದ ಮೇಲೆಯೇ ನಂಬತಕ್ಕದ್ದು ಎಂದಷ್ಟೇ ನೆನಪಿಸಿದ. ನೊಗ ಮುರಿದ ಮೇಲೆ ಸುಮ್ಮನೆ ಹೊರಟುಹೋದ. ಮರದ ನೊಗದ ಬದಲಿಗೆ ಕಬ್ಬಿಣದ ನೊಗ ಬರುತ್ತದೆ ಎಂಬ ಮಾತು ಅವನಿಗೆ ಬಂದದ್ದು ಆಮೇಲೆ. ಅದೇ ವರ್ಷದ ಏಳನೇ ತಿಂಗಳಲ್ಲಿ ಹನನ್ಯ ಸತ್ತ. ಅವನು ಹಂಚಿದ ಆಸೆ ಸಾಯಲಿಲ್ಲ. ಚಿದ್ಕೀಯ ಬಾಬಿಲೋನಿನ ಮೇಲೆ ದಂಗೆ ಎದ್ದ. ಒಂಬತ್ತನೇ ವರ್ಷದ ಹತ್ತನೇ ತಿಂಗಳಲ್ಲಿ ಮುತ್ತಿಗೆ ಶುರುವಾಗಿ, ಹನ್ನೊಂದನೇ ವರ್ಷದ ನಾಲ್ಕನೇ ತಿಂಗಳಲ್ಲಿ ಅನ್ನವಿಲ್ಲದೆ ಪಟ್ಟಣ ಬಿತ್ತು. ಐದನೇ ತಿಂಗಳಲ್ಲಿ ದೇವಾಲಯ ಸುಟ್ಟಿತು. ನೊಗ ಮುರಿದದ್ದಕ್ಕೂ ಇದಕ್ಕೂ ನಡುವೆ ಏಳೇ ವರ್ಷ.

ಗಡಿಪಾರಾದವರ ನಡುವೆ ಇದೇ ಮಾತು ಬೇರೆ ರೀತಿಯಲ್ಲಿ ಕೆಡುಕು ಮಾಡಿತು. ಇನ್ನೇನು ಊರಿಗೆ ಹಿಂದಿರುಗುತ್ತೇವೆ ಎಂದು ನಂಬಿದವನು ಮನೆ ಕಟ್ಟುವುದಿಲ್ಲ, ತೋಟ ಹಾಕುವುದಿಲ್ಲ, ಮಕ್ಕಳಿಗೆ ಮದುವೆ ಮಾಡುವುದಿಲ್ಲ. ಯೆರೆಮೀಯ ಬಾಬಿಲೋನಿಗೆ ಕಳಿಸಿದ ಪತ್ರದಲ್ಲಿ ಈ ಮೂರನ್ನೂ ಮಾಡಿರಿ, ಎಪ್ಪತ್ತು ವರ್ಷ ಹಿಡಿಯುತ್ತದೆ ಎಂದು ಬಿಡಿಸಿ ಬರೆಯಬೇಕಾಯಿತು. ಶೆಮಾಯ ಎಂಬ ಇನ್ನೊಬ್ಬ ಆ ಪತ್ರದ ಸುದ್ದಿ ಎತ್ತಿ, ಯೆರೆಮೀಯನನ್ನು ಯಾಕೆ ಗದರಿಸಲಿಲ್ಲ ಎಂದು ಯೆರೂಸಲೇಮಿನ ಯಾಜಕನಿಗೆ ದೂರು ಬರೆದ.

ಹಾಗಾದರೆ ಮೊದಲೇ ಗುರುತಿಸುವ ದಾರಿ ಇರಲಿಲ್ಲವೇ? ಇತ್ತು, ಒಂದಲ್ಲ ಹಲವು. ಧರ್ಮೋಪದೇಶಕಾಂಡದ 13ನೇ ಅಧ್ಯಾಯ 18ಕ್ಕಿಂತ ಕಠಿಣವಾದದ್ದು: ಪ್ರವಾದಿ ಮೊದಲೇ ಹೇಳಿದ ಸೂಚಕಕಾರ್ಯ, ಅಂದರೆ ಗುರುತಿನ ಅದ್ಭುತ, ನಿಜವಾಗಿ ನಡೆದರೂ ಸರಿ, ಅನ್ಯದೇವರುಗಳ ಹಿಂದೆ ಹೋಗೋಣ ಎನ್ನುವವನ ಮಾತು ಕೇಳಕೂಡದು. ಅಂದರೆ ನೆರವೇರಿಕೆಯೇ ಸತ್ಯದ ರುಜುವಾತಲ್ಲ. ಈ ಪರೀಕ್ಷೆಗೆ ಕಾಯಬೇಕಾಗಿಲ್ಲ, ಆದರೆ ಹನನ್ಯನಂಥವನು ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಅವನ ಬಗ್ಗೆ ಕೇಳಬೇಕಾದದ್ದು ಯೆರೆಮೀಯನ ಗ್ರಂಥದ 23ನೇ ಅಧ್ಯಾಯದಲ್ಲಿದೆ. ಅವನು ಕೆಡುಕರ ಕೈ ಬಲಪಡಿಸುತ್ತಾನೋ, ಕೆಡುಕಿನಿಂದ ಹಿಂದಿರುಗಿಸುತ್ತಾನೋ? ಮಾತು ಅವನದೋ, ಪಕ್ಕದ ಪ್ರವಾದಿಯಿಂದ ಕದ್ದದ್ದೋ?

ಹಣದ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಕಾಣಿಕೆ ತೆಗೆದುಕೊಂಡ ಮಾತ್ರಕ್ಕೆ ಪ್ರವಾದಿ ಸುಳ್ಳಾಗುತ್ತಿರಲಿಲ್ಲ. ಮುಂದೆ ಅರಸನಾದ ಸೌಲ ಕತ್ತೆ ಹುಡುಕುತ್ತಾ ಪ್ರವಾದಿ ಸಮುವೇಲನಲ್ಲಿಗೆ ಹೋಗುವಾಗ ಅವನ ಆಳು ಕಾಣಿಕೆಗೆಂದು ಇಟ್ಟುಕೊಂಡಿದ್ದದ್ದು ಕಾಲು ಶೆಕೆಲ್ ಬೆಳ್ಳಿ, ಈಗಿನ ಲೆಕ್ಕದಲ್ಲಿ ಸುಮಾರು ಮೂರು ಗ್ರಾಮ್. ಇಸ್ರಾಯೇಲಿನ ಅರಸ ಯಾರೊಬ್ಬಾಮನ ಹೆಂಡತಿ ಪ್ರವಾದಿ ಅಹೀಯನಿಗೆ ಹತ್ತು ರೊಟ್ಟಿ, ಒಂದಿಷ್ಟು ಹೋಳಿಗೆ, ಒಂದು ಕುಡಿಕೆ ಜೇನು ಒಯ್ದಳು. ಅಹೀಯ ಹೇಳಿದ್ದು ಮಾತ್ರ ಅವಳ ಮಗನ ಸಾವನ್ನೇ. ಪ್ರವಾದಿ ಮೀಕ ಎತ್ತುವ ಆಕ್ಷೇಪ ಬೇರೆ: ಬಾಯಿಗೆ ಹಾಕಿದವರಿಗೆ ಶಾಂತಿ ಸಾರುತ್ತಾರೆ, ಹಾಕದವರ ಮೇಲೆ ಯುದ್ಧ ಸಾರುತ್ತಾರೆ. ಕಾಣಿಕೆಗೆ ತಕ್ಕಂತೆ ಸಂದೇಶ ತಿರುಗುವುದು ದೋಷ. ಪ್ರವಾದಿ ಯೆಹೆಜ್ಕೇಲನ ಕಾಲಕ್ಕೆ ಬೆಲೆ ಹಿಡಿ ಜವೆಗೋಧಿಗೂ ರೊಟ್ಟಿಯ ಚೂರಿಗೂ ಇಳಿದಿತ್ತು.

ಇನ್ನು ಅರಮನೆಯ ಒಮ್ಮತ. ರಾಮೋತ್ ಗಿಲ್ಯಾದಿನ ಯುದ್ಧಕ್ಕೆ ಮೊದಲು ಇಸ್ರಾಯೇಲಿನ ಅರಸ ಅಹಾಬನ ಮುಂದೆ ಸುಮಾರು 400 ಪ್ರವಾದಿಗಳು ಒಂದೇ ಬಾಯಿಂದ ಜಯ ನುಡಿದರು. ಒಬ್ಬ ಕಬ್ಬಿಣದ ಕೊಂಬುಗಳನ್ನೂ ಮಾಡಿಸಿ ತಂದಿದ್ದ. ಆ ಒಮ್ಮತವೇ ಅವನ ಜೊತೆಗಿದ್ದ ಯೆಹೂದದ ಅರಸ ಯೆಹೋಷಾಫಾಟನಿಗೆ ಸಂಶಯ ತಂದಿತು, ಇನ್ನೊಬ್ಬ ಇಲ್ಲವೇ ಎಂದು ಕೇಳಿದ. ಕರೆಯಹೋದ ದೂತ ದಾರಿಯಲ್ಲೇ ಮೀಕಾಯೆಹು ಎಂಬ ಆ ಇನ್ನೊಬ್ಬ ಪ್ರವಾದಿಗೆ, ನೀನೂ ಅವರಂತೆಯೇ ನುಡಿ ಎಂದು ಪಾಠ ಹೇಳಿಕೊಟ್ಟ. ಕೇಳದ ಮೀಕಾಯೆಹು ಕೆನ್ನೆಗೆ ಏಟು ತಿಂದು ಸೆರೆಗೆ ಹೋದ. ಅಹಾಬ ಬಾಣಕ್ಕೆ ಬಲಿಯಾದ.

ಕೊನೆಯದಾಗಿ, 18ನೇ ಅಧ್ಯಾಯದ ಸೂತ್ರವನ್ನು ಎಲ್ಲ ಮಾತಿಗೂ ಸಮವಾಗಿ ಅನ್ವಯಿಸುವುದೂ ತಪ್ಪು. ಚೀಯೋನ್, ಅಂದರೆ ಯೆರೂಸಲೇಮ್, ಹೊಲದಂತೆ ಉಳಲ್ಪಡುವುದು ಎಂದ ಮೀಕನ ಮಾತು ಅವನ ಕಾಲದಲ್ಲಿ ನಡೆಯಲಿಲ್ಲ. ಒಂದು ಶತಮಾನದ ಬಳಿಕ ಯೆರೆಮೀಯನನ್ನು ಕೊಲ್ಲಬೇಕೆಂದಾಗ ನಾಡಿನ ಹಿರಿಯರು ಆ ಮಾತನ್ನೇ ಎತ್ತಿ ಹೇಳಿದರು: ಅರಸ ಹಿಜ್ಕೀಯ ದೇವರಿಗೆ ಅಂಜಿ ಬೇಡಿಕೊಂಡ, ಆದ್ದರಿಂದ ಕೇಡು ತಪ್ಪಿತು, ಮೀಕನನ್ನು ಯಾರೂ ಕೊಲ್ಲಲಿಲ್ಲ. ಯೆರೆಮೀಯ ಉಳಿದ. ಅವನಂತೆಯೇ ನುಡಿದ ಊರೀಯ ಎಂಬ ಪ್ರವಾದಿಯನ್ನು ಆಗಿನ ಅರಸ ಯೆಹೋಯಾಕೀಮ ಐಗುಪ್ತದಿಂದ (ಈಜಿಪ್ಟ್) ಹಿಡಿತರಿಸಿ ಕತ್ತಿಗೆ ಕೊಟ್ಟ. ಈ ವ್ಯತ್ಯಾಸವನ್ನು 12ನೇ ಶತಮಾನದಲ್ಲಿ ಯೆಹೂದಿ ಪಂಡಿತ ಮೈಮೊನಿಡಿಸ್ ನಿಯಮವಾಗಿಯೇ ಬರೆದಿಟ್ಟ: ಕೇಡಿನ ನುಡಿ ಪಶ್ಚಾತ್ತಾಪದಿಂದ ತಪ್ಪಬಹುದು, ಒಳಿತಿನ ನುಡಿ ಪೂರ್ತಿ ನೆರವೇರಲೇಬೇಕು. ಅದಕ್ಕೂ ಹಿಂದೆ, ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಯೆಹೂದಿ ಧರ್ಮನಿಯಮಗಳ ಸಂಗ್ರಹ ಮಿಷ್ನಾ, ಸುಳ್ಳು ಪ್ರವಾದಿಯ ವಿಚಾರಣೆ 71 ಜನರ ಮಹಾಸಭೆಯಲ್ಲೇ ಆಗಬೇಕೆಂದು ವಿಧಿಸಿತ್ತು.

ಮುಂದೆ ಈ ವಿಷಯ ಪ್ರಕಟಿಸುವಾಗ 18ನೇ ಅಧ್ಯಾಯದ ಜೊತೆಗೆ 13ನೇ ಅಧ್ಯಾಯವನ್ನೂ ಯೆರೆಮೀಯನ ಗ್ರಂಥದ 23, 26, 28ನೇ ಅಧ್ಯಾಯಗಳನ್ನೂ ಓದುಗರ ಗಮನಕ್ಕೆ ತರಬೇಕೆಂದು ವಿನಂತಿ.

— ಹಳೆ ಒಡಂಬಡಿಕೆಯ ಅಧ್ಯಾಪಕ, ಮಂಗಳೂರು